ರಾಯಚೂರಿನ ಬಿಸಿಲು ಬೇರೆ, ಫೀನಿಕ್ಸ್ ಬಿಸಿಲು ಬೇರೆ

ಜೂನ್‌ನಲ್ಲಿ ಅರಿಜೋನಾದ ಫೀನಿಕ್ಸ್‌ಗೆ ಕೆಲಸಕ್ಕೆ ಬರುತ್ತಿದ್ದೀರಿ. ಮನೆ, ಕಾರು, ದಿನಸಿ, ನೀರು ಹೇಗೆ, ಅಪ್ಪ ಅಮ್ಮನನ್ನು ಯಾವಾಗ ಕರೆಸಿಕೊಳ್ಳಬಹುದು ಎಂದು ಕೇಳಿದ್ದೀರಿ. ಕೊನೆಗೆ ‘ಅಕ್ಕಾ, ನಾನು ರಾಯಚೂರಿನವನು, ಬಿಸಿಲಿನ ಚಿಂತೆ ನನಗಿಲ್ಲ’ ಎಂದಿದ್ದೀರಿ. ಆ ಒಂದು ಮಾತಿಗಾಗಿಯೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನಾನು ತೀರ್ಥಹಳ್ಳಿಯವಳು. 2004ರ ಜೂನ್‌ನಲ್ಲಿ, ಊರಿನಲ್ಲಿ ಮುಂಗಾರು ಹಿಡಿದ ವಾರವೇ, ಇಲ್ಲಿನ ಸ್ಕೈ ಹಾರ್ಬರ್ ವಿಮಾನ ನಿಲ್ದಾಣದಿಂದ ಹೊರಬಂದೆ. ರಾತ್ರಿ ಹತ್ತು ಗಂಟೆ. ಬಚ್ಚಲೊಲೆಯ ಬಾಯಿಗೆ ಮುಖ ಒಡ್ಡಿದಂತಾಯಿತು. ನಿಮಗೆ ಗೊತ್ತಿರುವ ಬಿಸಿಲಿಗೆ ಸಂಜೆ ಎಂಬುದಿದೆ, ಜೂನ್ ಬಂದರೆ ಮೋಡದ ಆಸೆಯೂ ಇದೆ. ಇಲ್ಲಿ ರಸ್ತೆ, ಗೋಡೆಗಳು ಹಗಲೆಲ್ಲ ಕುಡಿದ ಕಾವನ್ನು ರಾತ್ರಿಯಿಡೀ ಬಿಡುತ್ತಿರುತ್ತವೆ. 2023ರಲ್ಲಿ ಸತತ 31 ದಿನ 43 ಡಿಗ್ರಿ ಸೆಲ್ಸಿಯಸ್ ದಾಟಿತ್ತು. ಅದರ ನಡುವೆ ಸತತ 16 ದಿನ ರಾತ್ರಿಯೂ 32ಕ್ಕಿಂತ ಕೆಳಗಿಳಿಯಲಿಲ್ಲ. ಆ ವರ್ಷ ನಮ್ಮ ಮಾರಿಕೋಪಾ ಕೌಂಟಿಯಲ್ಲಿ ಬಿಸಿಲ ಬೇಗೆಯಿಂದ ಸತ್ತವರು 645 ಜನ. ಬಾಡಿಗೆ ಮನೆ ನೋಡುವಾಗ ಅಡುಗೆಮನೆಗಿಂತ ಮೊದಲು ಎಸಿ ಎಷ್ಟು ಹಳೆಯದು ಎಂದು ವಿಚಾರಿಸಿ.

ಕಾರು ಬೇಕೇ ಬೇಕು. 2008ರ ಕೊನೆಗೆ ಲೈಟ್ ರೈಲು ಬಂದಿತು, ಆದರೆ 16 ಲಕ್ಷ ಜನರ ಊರು ಹರಡಿಕೊಂಡಿರುವ ರೀತಿಗೆ ಅದು ಸಾಲದು. ದಿನಸಿಗೆ ಚಾಂಡ್ಲರ್ ಕಡೆ ಹೋದರೆ ಸಾರಿನ ಪುಡಿಯಿಂದ ಹಿಡಿದು ಎಲ್ಲವೂ ಸಿಗುತ್ತದೆ. ಗಡಿಯಾರದ ವಿಷಯದಲ್ಲಿ ಈ ಊರು ಒಳ್ಳೆಯದು: ಬೇಸಿಗೆ, ಚಳಿಗಾಲ ಎಂದು ಇಲ್ಲಿ ಸಮಯ ಬದಲಿಸುವುದಿಲ್ಲ. ವರ್ಷವಿಡೀ ರಾತ್ರಿ ಎಂಟಕ್ಕೆ ಫೋನ್ ಮಾಡಿದರೆ ಅಮ್ಮನಿಗೆ ಬೆಳಿಗ್ಗೆ ಎಂಟೂವರೆ.

ನೀರಿನ ಬಗ್ಗೆ ಭಯ ಬೇಡ, ಮರ್ಯಾದೆ ಇರಲಿ. ಎಡದಂಡೆ ಕಾಲುವೆಯ ನಾಡಿನವರಿಗೆ ನಾನೇನು ಹೇಳಲಿ. ಕೊಲರಾಡೊ ನದಿಯ ನೀರನ್ನು ಮರುಭೂಮಿ ದಾಟಿಸಿ ತರುವ ಕಾಲುವೆ ಒಟ್ಟು ಸುಮಾರು 540 ಕಿಲೋಮೀಟರ್ ಉದ್ದ. ಅದಕ್ಕೂ ಎಷ್ಟೋ ಶತಮಾನ ಮೊದಲು ಹೊಹೊಕಮ್ ಜನ ಸಾಲ್ಟ್ ನದಿಯಿಂದ ಕಾಲುವೆ ತೋಡಿ ಇಲ್ಲಿ ಬೆಳೆ ತೆಗೆದಿದ್ದರು. ಅವರು ಬಿಟ್ಟುಹೋದ ಜಾಡಿನ ಮೇಲೆ ಈ ಊರು ಎದ್ದಿತು. ಬೂದಿಯಿಂದ ಎದ್ದ ಹಕ್ಕಿಯ ಹೆಸರು ಬಂದದ್ದು ಹಾಗೆ. ಈಗ ನನ್ನದೂ ಆಗಿರುವ ಊರಿನ ಬಗ್ಗೆ ನನಗೆ ಇದು ಹೆಮ್ಮೆಯ ಮಾತು.

ಇನ್ನು ಅಪ್ಪ ಅಮ್ಮ. 2011ರಲ್ಲಿ ಮಕ್ಕಳಿಗೆ ಶಾಲೆ ರಜೆ ಎಂದು ಜೂನ್‌ನಲ್ಲಿಯೇ ಕರೆಸಿಕೊಂಡೆ. ದಿನಕ್ಕೆರಡು ಸಲ ಅಡಿಕೆ ತೋಟ ಸುತ್ತಿ ಬರುತ್ತಿದ್ದ ಮನುಷ್ಯ ನಮ್ಮಪ್ಪ. ಬಂದ ಮೂರನೆಯ ಮಧ್ಯಾಹ್ನ ಹಿತ್ತಲಿನ ನಿಂಬೆಗಿಡ ನೋಡಲು ಬರಿಗಾಲಿನಲ್ಲಿ ಇಳಿದರು. ಅಂಗಳದ ಕಾಂಕ್ರೀಟಿಗೆ ಎರಡೂ ಪಾದ ಬೊಬ್ಬೆ ಎದ್ದವು. ನಾವು ಕಚೇರಿಯಲ್ಲಿದ್ದೆವು. ಸಂಜೆ ನನಗೆ ಹೇಳಿದ್ದು ಅಮ್ಮ. ಅಪ್ಪ ಕಾಲು ಮಡಚಿ ಪಂಚೆಯೊಳಗೆ ಇಟ್ಟುಕೊಂಡು ಕುಳಿತಿದ್ದರು.

ಆಮೇಲೆ ಅವರ ಜಾಗ ಕಿಟಕಿಯ ಪಕ್ಕದ ಕುರ್ಚಿ. ಜುಲೈ 5ರ ಸಂಜೆ ದೂಳಿನ ಗೋಡೆಯೊಂದು ಆಕಾಶದೆತ್ತರಕ್ಕೆ ಎದ್ದು ಊರನ್ನೆಲ್ಲ ನುಂಗಿತು. ಅಪ್ಪ ಎದ್ದು ನಿಂತು, ‘ಮಳೆ ಬಂತೇನೇ?’ ಎಂದರು. ನಮ್ಮ ಮನೆಯ ಕಡೆ ಒಂದು ಹನಿಯೂ ಬೀಳಲಿಲ್ಲ. ಆರು ತಿಂಗಳಿಗೆಂದು ಬಂದವರು ಏಳನೆಯ ವಾರ ಟಿಕೆಟ್ ಬದಲಿಸಿಕೊಂಡು ಹೊರಟರು. ಕೊಳೆರೋಗಕ್ಕೆ ಔಷಧಿ ಹೊಡೆಸಬೇಕು ಎಂದರು. ನಾನೂ ಹೂಂ ಎಂದೆ. ಮತ್ತೆ ಬರಲಿಲ್ಲ, ಮೂರು ವರ್ಷಕ್ಕೆ ತೀರಿಕೊಂಡರು.

ಜನವರಿಯ ಫೀನಿಕ್ಸ್ ಅನ್ನು ಅವರು ನೋಡಲೇ ಇಲ್ಲ. ಆಗ ಹಗಲು ಇಪ್ಪತ್ತು ಡಿಗ್ರಿ, ಬೀದಿಬೀದಿಯಲ್ಲಿ ಕಿತ್ತಳೆ ತೂಗುತ್ತಿರುತ್ತದೆ, ಸೌತ್ ಮೌಂಟನ್ ದಾರಿಯಲ್ಲಿ ಮುದುಕರೂ ನಡೆಯುತ್ತಾರೆ. ಅಪರೂಪಕ್ಕೆ ಮಳೆ ಬಿದ್ದರೆ ಕ್ರಿಯೋಸೋಟ್ ಪೊದೆಗಳಿಂದ ಒಂದು ವಾಸನೆ ಏಳುತ್ತದೆ. ಊರಿನ ಮಣ್ಣಿನ ವಾಸನೆಯಲ್ಲ, ಆದರೂ ಇದ್ದಿದ್ದರೆ ಅಪ್ಪ ಅದನ್ನು ಮೂಸಿ ಏನೋ ಒಂದು ಹೇಳುತ್ತಿದ್ದರು.

ನಿಮ್ಮವರನ್ನು ನವೆಂಬರ್‌ನಲ್ಲಿ ಕರೆಸಿಕೊಳ್ಳಿ, ಮಾರ್ಚ್ ಮುಗಿಯುವುದರೊಳಗೆ ಕಳುಹಿಸಿ. ರಜೆ ಸಿಗದಿದ್ದರೂ ಚಿಂತೆಯಿಲ್ಲ, ಅವರು ತಾವೇ ಹೊರಗೆ ಅಡ್ಡಾಡಿಕೊಂಡಿರುತ್ತಾರೆ. ಹಿತ್ತಲ ಬಾಗಿಲಿನ ಒಳಗಡೆಯೇ ಎರಡು ಜೊತೆ ಚಪ್ಪಲಿ ಇಡಿ. ನೀವು ಬಂದಿಳಿದ ಮೇಲೆ ತಿಳಿಸಿ, ಊಟಕ್ಕೆ ಬನ್ನಿ. ಹೊತ್ತು ಮುಳುಗಿದ ಮೇಲೆ ಹೊರಡಿ.