‘ಸ್ಯಾಂಕ್ಷನ್ ಮಿ’ ಎಂದು ಬರೆಯುವ ಮುನ್ನ

ಪ್ರಶ್ನೆ: ‘ಸರ್, ಮನಿ ಕಟ್ಟಾಕ ಲೋನ್ ಸ್ಯಾಂಕ್ಷನ್ ಆಗೇತಿ ಅಂತ ಬ್ಯಾಂಕಿನವ್ರು ಅಂದ್ರು, ಖುಷಿಯಾದ್ವಿ. ಪೇಪರ್ ತಗದ್ರ ಇರಾನ್ ಮ್ಯಾಲೆ ಅಮೆರಿಕಾದ ಸ್ಯಾಂಕ್ಷನ್ಸ್, ಅಂದ್ರ ಶಿಕ್ಷೆ ಅಂತಾರ. ಒಂದ ಶಬ್ದಕ್ಕ ಮಂಜೂರಿನೂ ಶಿಕ್ಷೆನೂ ಹೆಂಗ್ರೀ? ಪರೀಕ್ಷೇದಾಗ ಯಾವುದು ಬರೀಲಿ?’
– ಸಿಂದಗಿಯ ಬ್ಯಾಂಕ್ ಪರೀಕ್ಷಾರ್ಥಿ

ಎರಡೂ ಸರಿ. ಯಾವುದನ್ನು ಬರೆಯಬೇಕು ಎಂಬುದನ್ನು ಪ್ರಶ್ನೆಪತ್ರಿಕೆಯ ವಾಕ್ಯವೇ ಹೇಳುತ್ತದೆ. ಈ ಗೊಂದಲ ಮತ್ತೆ ಮತ್ತೆ ನನ್ನ ಮುಂದೆ ಬರಲು ಕಾರಣ ವಾಟ್ಸ್‌ಆ್ಯಪ್‌ನಲ್ಲಿ ಸುತ್ತುವ ಪಿಡಿಎಫ್ ಪಟ್ಟಿಗಳು. ಎಡಕ್ಕೊಂದು ಇಂಗ್ಲಿಷ್ ಪದ, ಬಲಕ್ಕೊಂದು ಕನ್ನಡ ಪದ, ಮುಗಿಯಿತು. ‘ಸ್ಯಾಂಕ್ಷನ್ ಎಂದರೆ ಮಂಜೂರು, ವಿರುದ್ಧಪದ ನಿಷೇಧ’ ಎಂದು ಉರು ಹೊಡೆದವರು ‘ಸ್ಯಾಂಕ್ಷನ್ಸ್ ಎಗೇನ್ಸ್ಟ್ ಇರಾನ್’ ಕಂಡ ಕೂಡಲೇ ಕಂಗಾಲು. ಇಂಥ ಪಟ್ಟಿಗೆ ದುಡ್ಡು ವಸೂಲಿ ಮಾಡುವ ಕೋಚಿಂಗ್‌ನವರಿಗೆ ಏನನ್ನಬೇಕೋ ನೀವೇ ಅನ್ನಿ.

ಈ ಪದದ ಬೇರು ಲ್ಯಾಟಿನ್‌ನಲ್ಲಿದೆ. ಒಂದು ಕಟ್ಟಳೆಯನ್ನು ಪವಿತ್ರವೆಂದು ಸಾರಿ ಗಟ್ಟಿಮಾಡುವುದು ಅಲ್ಲಿನ ಅರ್ಥ. ಕಟ್ಟಳೆ ಗಟ್ಟಿಯಾಗಬೇಕಾದರೆ ಎರಡು ಬೇಕು: ಅಧಿಕಾರದಲ್ಲಿದ್ದವರ ಒಪ್ಪಿಗೆ, ಮುರಿದವರಿಗೆ ದಂಡ. ಮೊದಲನೆಯದರಿಂದ ಮಂಜೂರಾತಿ ಬಂತು, ಎರಡನೆಯದರಿಂದ ನಿರ್ಬಂಧ. ಕ್ರಿಯಾಪದವಾಗಿ ‘ಒಪ್ಪಿಗೆ ಕೊಡು’ ಎಂಬ ಬಳಕೆ 18ನೇ ಶತಮಾನದ್ದು. ‘ದಂಡಿಸು’ ಎಂಬುದು 20ನೇ ಶತಮಾನದಲ್ಲಿ ಬಂದದ್ದು.

ಈಗ ಗುರುತಿಸುವ ಬಗೆ. ನಾಮಪದವಾಗಿದ್ದರೆ ಮೊದಲು ಕೊನೆಯಲ್ಲಿ ‘ಎಸ್’ ಇದೆಯೇ ನೋಡಿ. ಬಹುವಚನದಲ್ಲಿದ್ದು, ಮುಂದೆ ‘ಆನ್’ ಅಥವಾ ‘ಎಗೇನ್ಸ್ಟ್’, ಹಿಂದೆ ‘ಇಂಪೋಸ್’ ಅಥವಾ ‘ಲಿಫ್ಟ್’ ಇದ್ದರೆ ಅದು ನಿರ್ಬಂಧ. 1998ರ ಮೇ ತಿಂಗಳ ಪೋಖ್ರಾನ್ ಪರೀಕ್ಷೆಯ ಬಳಿಕ ಅಮೆರಿಕ ನಮ್ಮ ಮೇಲೆ ಹೇರಿದ್ದು ಇದನ್ನೇ. ಏಕವಚನದಲ್ಲಿದ್ದು ‘ವಿದೌಟ್ ದಿ ಸ್ಯಾಂಕ್ಷನ್ ಆಫ್ ದಿ ಕೋರ್ಟ್’ ಎಂಬಂತೆ ಬಂದರೆ ಅನುಮತಿ. ಒಳ್ಳೆಯ ಲರ್ನರ್ಸ್ ಡಿಕ್ಷನರಿಯಲ್ಲಿ ಪದದ ಪಕ್ಕ ‘ಸಿ’ ಅಥವಾ ‘ಯು’ ಎಂದಿರುತ್ತದೆ: ಎಣಿಸಬಹುದು, ಎಣಿಸಲಾಗದು. ಶಿಕ್ಷೆಯ ಅರ್ಥಕ್ಕೆ ‘ಸಿ’, ಅನುಮತಿಯ ಅರ್ಥಕ್ಕೆ ‘ಯು’. ಆ ಒಂದಕ್ಷರ ನೋಡದೆ ಡಿಕ್ಷನರಿ ಮುಚ್ಚುವವರೇ ಬಹಳ.

ಕ್ರಿಯಾಪದವಾಗಿದ್ದರೆ ಅದರ ಮುಂದೆ ಏನಿದೆ ನೋಡಿ. ಸಾಲ, ರಜೆ, ಹುದ್ದೆ, ಯೋಜನೆ ಬಂದರೆ ಮಂಜೂರು. ವ್ಯಕ್ತಿ, ಕಂಪನಿ, ದೇಶ ಬಂದರೆ ಸಾಮಾನ್ಯವಾಗಿ ದಂಡನೆ. ‘ಸ್ಯಾಂಕ್ಷನ್ಡ್ ಪೋಸ್ಟ್ಸ್’ ಮಂಜೂರಾದ ಹುದ್ದೆಗಳಾದರೆ, ‘ಸ್ಯಾಂಕ್ಷನ್ಡ್ ಟ್ಯಾಂಕರ್’ ನಿರ್ಬಂಧಕ್ಕೆ ಒಳಗಾದ ಹಡಗು. ಇಲ್ಲಿ ವಸ್ತುವಿದ್ದರೂ ಶಿಕ್ಷೆಯ ಅರ್ಥವೇ, ಯಾಕೆಂದರೆ ಸುದ್ದಿ ಅಂತರರಾಷ್ಟ್ರೀಯ ವ್ಯಾಪಾರದ್ದು. ಆದ್ದರಿಂದ ಸೂತ್ರವೊಂದನ್ನೇ ನಂಬದೆ ಇಡೀ ವಾಕ್ಯ ಓದಿ.

ಇನ್ನು ರಜಾ ಅರ್ಜಿ. ಬೆಳಗಾವಿಯಿಂದ ಬಾಗಲಕೋಟೆವರೆಗೆ ಯಾವ ಕಚೇರಿಯ ಫೈಲು ತೆಗೆದರೂ ‘ಕೈಂಡ್ಲಿ ಸ್ಯಾಂಕ್ಷನ್ ಮಿ ಲೀವ್ ಫಾರ್ ಟೂ ಡೇಸ್’ ಸಿಗುತ್ತದೆ. ‘ಗ್ರಾಂಟ್’ ಪದಕ್ಕೆ ‘ಯಾರಿಗೆ, ಏನನ್ನು’ ಎಂಬ ಎರಡು ಕರ್ಮಗಳು ಹಿಡಿಸುತ್ತವೆ. ‘ಸ್ಯಾಂಕ್ಷನ್’ಗೆ ಹಿಡಿಸುವುದು ಒಂದೇ. ‘ಸ್ಯಾಂಕ್ಷನ್ ಮಿ’ ಎಂದಷ್ಟೇ ಓದಿದ ಪರದೇಶದ ಮ್ಯಾನೇಜರ್‌ಗೆ ಅದು ‘ನನ್ನನ್ನು ದಂಡಿಸಿ’ ಎಂದೇ ಕೇಳುತ್ತದೆ. ‘ಕೈಂಡ್ಲಿ ಗ್ರಾಂಟ್ ಮಿ ಟೂ ಡೇಸ್ ಲೀವ್’ ಎನ್ನಿ, ಇಲ್ಲವೇ ‘ಕೈಂಡ್ಲಿ ಸ್ಯಾಂಕ್ಷನ್ ಮೈ ಲೀವ್’ ಎನ್ನಿ. ಸಾಹೇಬರು ಹಳೆಯ ವಾಕ್ಯಕ್ಕೂ ಸಹಿ ಹಾಕುತ್ತಾರೆ, ನಿಜ. ಅವರು ಸಹಿ ಹಾಕುವುದು ವ್ಯಾಕರಣಕ್ಕಲ್ಲ, ರಜೆಗೆ.

ಲೋನಿನ ಖುಷಿಗೂ ಒಂದು ಎಚ್ಚರಿಕೆ. ಸ್ಯಾಂಕ್ಷನ್ ಆಯಿತೆಂದರೆ ರೊಕ್ಕ ಖಾತೆಗೆ ಬಂತೆಂದಲ್ಲ. ಇಷ್ಟು ಮೊತ್ತ, ಇಷ್ಟು ಬಡ್ಡಿ, ಈ ಷರತ್ತುಗಳು ಎಂದು ಬ್ಯಾಂಕ್ ಒಪ್ಪಿ ಪತ್ರ ಕೊಡುವುದಷ್ಟೇ ಸ್ಯಾಂಕ್ಷನ್. ಕಾಗದಪತ್ರ, ಅಡಮಾನ ಮುಗಿದ ಮೇಲೆ ಹಣ ಬಿಡುಗಡೆ ಮಾಡುವುದಕ್ಕೆ ‘ಡಿಸ್ಬರ್ಸ್‌ಮೆಂಟ್’ ಎನ್ನುತ್ತಾರೆ. ಮನೆ ಕಟ್ಟುವ ಸಾಲದಲ್ಲಿ ಅದೂ ಕೆಲಸ ನಡೆದಂತೆಲ್ಲ ಕಂತಿನಲ್ಲಿ ಬರುತ್ತದೆ. ಬ್ಯಾಂಕ್ ಪರೀಕ್ಷೆಗೆ ಕೂರುವವರು ಇವೆರಡನ್ನೂ ಒಂದೇ ಮಾಡಬಾರದು. ಹೆಸ್ಕಾಂ ಬಿಲ್ಲಿನ ‘ಸ್ಯಾಂಕ್ಷನ್ಡ್ ಲೋಡ್’ ಕೂಡ ಹಾಗೆಯೇ: ಅದು ನಿಮಗೆ ಮಂಜೂರಾದ ಕಿಲೋವ್ಯಾಟ್, ನೀವು ಸುಟ್ಟ ಯೂನಿಟ್ ಅಲ್ಲ.

ಲಂಚದ ಕೇಸಿನ ಸುದ್ದಿಯಲ್ಲಿ ಬರುವ ‘ಸ್ಯಾಂಕ್ಷನ್ ಫಾರ್ ಪ್ರಾಸಿಕ್ಯೂಷನ್’ ಕಂಡು ಶಿಕ್ಷೆಯಾಯಿತೆಂದು ತಿಳಿಯುವವರೂ ಇದ್ದಾರೆ. ಅಲ್ಲ. 1988ರ ಭ್ರಷ್ಟಾಚಾರ ತಡೆ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ, ಸರ್ಕಾರಿ ನೌಕರನ ವಿರುದ್ಧದ ಪ್ರಕರಣವನ್ನು ಕೋರ್ಟ್ ವಿಚಾರಣೆಗೆ ಎತ್ತಿಕೊಳ್ಳಲು ಮೊದಲೇ ಪಡೆಯಬೇಕಾದ ಅನುಮತಿ ಅದು. ನೌಕರನಿಗೆ ಕೆಟ್ಟ ಸುದ್ದಿಯೇ, ಆದರೆ ಪದದ ಅರ್ಥ ಅನುಮತಿ. ಸಮಾಜಶಾಸ್ತ್ರ ಓದುವವರಿಗೆ ಇನ್ನೂ ಒಂದು ತಿರುವಿದೆ: ಅಲ್ಲಿ ‘ಪಾಸಿಟಿವ್ ಸ್ಯಾಂಕ್ಷನ್’ ಎಂದರೆ ಮೆಚ್ಚುಗೆ, ಬಹುಮಾನ, ‘ನೆಗೆಟಿವ್ ಸ್ಯಾಂಕ್ಷನ್’ ಎಂದರೆ ಬಹಿಷ್ಕಾರ, ದಂಡ. ಬಹುವಚನದ ನಿಯಮವನ್ನು ಆ ಪಠ್ಯಕ್ಕೆ ಹಚ್ಚಬೇಡಿ.

ಪ್ರಶ್ನೆ: ‘ಸ್ಯಾಂಕ್ಷನ್ಸ್‌ಗೂ ಎಂಬಾರ್ಗೋಗೂ ಏನ್ ಫರಕ್ ರೀ?’ – ಜಮಖಂಡಿ

ಎಂಬಾರ್ಗೋ ಎಂದರೆ ವ್ಯಾಪಾರ ಬಂದ್, ಅಷ್ಟೇ. ಆಸ್ತಿ ಜಪ್ತಿ, ಪ್ರಯಾಣ ನಿಷೇಧ ಎಲ್ಲ ಸೇರಿದ ದೊಡ್ಡ ಗುಂಪು ಸ್ಯಾಂಕ್ಷನ್ಸ್; ಎಂಬಾರ್ಗೋ ಅದರಲ್ಲೊಂದು.

ಪ್ರಶ್ನೆ: ‘ದಿನಕ್ಕ ಐವತ್ತು ಪದ ಬಾಯಿಪಾಠ ಮಾಡಿದ್ರ ತಿಂಗಳದಾಗ ಇಂಗ್ಲಿಷ್ ಬರ್ತೈತೇನ್ರಿ?’ – ಗೋಕಾಕ

ಬರುವುದಿಲ್ಲ. ಐದು ಪದ ತಗೊಳ್ಳಿ, ಪ್ರತಿಯೊಂದಕ್ಕೂ ಪತ್ರಿಕೆಯಿಂದ ಮೂರು ವಾಕ್ಯ ಬರೆದುಕೊಳ್ಳಿ.

ಪ್ರಶ್ನೆ: ‘ಡಿಸ್ಕಸ್ ಅಬೌಟ್ ಸರಿಯೋ ತಪ್ಪೋ?’ – ಮುಧೋಳ

ತಪ್ಪು. ‘ಅಬೌಟ್’ ಹೊಡೆದುಹಾಕಿ. ಇದನ್ನು ಇನ್ನೊಮ್ಮೆ ಕೇಳಬೇಡಿ.

ಪ್ರಶ್ನೆ: ‘ಇಂಥ ಎರಡು ನಾಲಿಗಿ ಪದ ಮತ್ತ ಅದಾವೇನ್ರಿ?’ – ಖಾನಾಪುರ

‘ಓವರ್‌ಸೈಟ್’ ನೋಡಿ. ‘ಓವರ್‌ಸೈಟ್ ಕಮಿಟಿ’ಯಲ್ಲಿ ಅದು ಮೇಲ್ವಿಚಾರಣೆ, ‘ಡ್ಯೂ ಟು ಆ್ಯನ್ ಓವರ್‌ಸೈಟ್’ನಲ್ಲಿ ಕಣ್ತಪ್ಪು. ಅಲ್ಲೂ ಹಿಂದೆ ‘ಆ್ಯನ್’ ಇದೆಯೋ ಇಲ್ಲವೋ ಅಂತ ಮೊದಲು ನೋಡಿ, ಆಮೇಲೆ ನನಗೆ ಬರೆಯಿರಿ.