ಸಂಗೀತ ಪ್ರಶ್ನೋತ್ತರ: ಅತಿಥಿ ಕಂಠಗಳ ಚೊಚ್ಚಲ ಆಲ್ಬಮ್

ಪ್ರಶ್ನೆ: ನಮ್ಮದು ಇಬ್ಬರ ಎಲೆಕ್ಟ್ರಾನಿಕ್ ಪಾಪ್ ಬ್ಯಾಂಡ್. ಮೊದಲ ಆಲ್ಬಮ್ಮಿಗೆ ಐವರು ಅತಿಥಿಗಳು ಹಾಡಿದ್ದಾರೆ. ಕೇಳಿದವರೆಲ್ಲ ‘ಐದು ಆಲ್ಬಮ್ ಕೇಳಿದ ಹಾಗಾಯಿತು’ ಅನ್ನುತ್ತಾರೆ. ಮಿಕ್ಸಿಂಗಿನಲ್ಲಿ ಸರಿಹೋದೀತೇ?

ಉತ್ತರ: ಅರ್ಧ ಮಾತ್ರ. ಬ್ರಿಟನ್ನಿನ ಮ್ಯಾಸಿವ್ ಅಟ್ಯಾಕ್ ತಂಡದ 1991ರ ‘ಬ್ಲೂ ಲೈನ್ಸ್’ ಗಮನಿಸಿ: ಅತಿಥಿ ಗಾಯಕರಾದ ಶಾರಾ ನೆಲ್ಸನ್, ಹೊರೇಸ್ ಆ್ಯಂಡಿ ಒಂದೊಂದು ಹಾಡಿಗೆ ಬಂದುಹೋಗುವುದಿಲ್ಲ, ಮತ್ತೆ ಮತ್ತೆ ಕೇಳಿಸುತ್ತಾರೆ. ಡಿಸ್‌ಕ್ಲೋಷರ್ ಜೋಡಿಯ 2013ರ ‘ಸೆಟಲ್’ನಲ್ಲಿ ಸ್ಯಾಮ್ ಸ್ಮಿತ್, ಜೆಸ್ಸಿ ವೇರ್ ಹೀಗೆ ಕಂಠಗಳು ಬದಲಾಗುತ್ತಲೇ ಇರುತ್ತವೆ, ಆದರೆ ಕೆಳಗಿನ ಹೌಸ್ (ಒಂದು ಬಗೆಯ ನೃತ್ಯಸಂಗೀತ) ಬೀಟ್ ಬಿಡುವುದಿಲ್ಲ. ಕಂಠವಾದರೂ ಮರಳಬೇಕು, ಇಲ್ಲವೇ ತಾಳವಾದರೂ ನಿಲ್ಲಬೇಕು. ಎರಡೂ ಪ್ರತಿ ಹಾಡಿಗೂ ಬದಲಾದರೆ ಸಂಕಲನದಂತೆ ಕೇಳುತ್ತದೆ. ಆದ್ದರಿಂದ ಒಬ್ಬ ಗಾಯಕರಿಂದ ಇನ್ನೊಂದು ಹಾಡಿಗೆ ಹಿನ್ನೆಲೆ ಹಾಡಿಸಿ. ಐದೂ ಹಾಡುಗಳಲ್ಲಿ ಒಂದೇ ಬೇಸ್ ಪ್ಯಾಚ್ (ಸಿಂಥಸೈಜರಿನ ತಗ್ಗುದನಿ), ಒಂದೇ ಕಿಕ್ (ದೊಡ್ಡ ಡ್ರಮ್ಮಿನ ಪೆಟ್ಟು) ಬಳಸಿ ನೋಡಿ.

ಮಿಕ್ಸಿಂಗಿನಲ್ಲಿ ಮಾಡಬಹುದಾದದ್ದು ಇಷ್ಟು: ಎಲ್ಲ ಕಂಠಗಳನ್ನೂ ಎರಡೇ ಸೆಂಡ್‌ಗಳಿಗೆ (ಹಲವು ಟ್ರ್ಯಾಕ್‌ಗಳು ಹಂಚಿಕೊಳ್ಳುವ ಎಫೆಕ್ಟ್ ದಾರಿಗಳಿಗೆ) ಕಳಿಸಿ. ಒಂದು ಪ್ಲೇಟ್ ರಿವರ್ಬ್, ಅಂದರೆ ಲೋಹದ ಹಲಗೆಯಂಥ ಅನುರಣನ (ಸುಮಾರು 1.4 ಸೆಕೆಂಡ್, ಅದು ಶುರುವಾಗುವ ಮೊದಲಿನ ವಿರಾಮ ಅಂದರೆ ಪ್ರೀ-ಡಿಲೇ 30 ಮಿಲಿಸೆಕೆಂಡ್), ಇನ್ನೊಂದು ಹಾಡಿನ ಲಯಕ್ಕೆ ಹೊಂದಿದ ಡಿಲೇ (ದನಿಯನ್ನು ತಡವಾಗಿ ಮರುನುಡಿಸುವುದು), 120 ಬಿಪಿಎಂಗೆ (ನಿಮಿಷಕ್ಕೆ 120 ಬೀಟ್) ಡಾಟೆಡ್ ಎಂಟನೇ ನೋಟ್, ಬೀಟಿನ ಮುಕ್ಕಾಲು ಭಾಗ, ಅಂದರೆ 375 ಮಿಲಿಸೆಕೆಂಡ್. ಜೋರಾದ ದನಿಯನ್ನು ತಗ್ಗಿಸುವ ಕಂಪ್ರೆಸರಿನ ಪ್ರೀಸೆಟ್ (ಸಿದ್ಧ ಹೊಂದಿಕೆ) ಮಾತ್ರ ನಕಲು ಮಾಡಬೇಡಿ. ಒಬ್ಬರು ಜೋರಾಗಿ, ಇನ್ನೊಬ್ಬರು ಪಿಸುದನಿಯಲ್ಲಿ ಹಾಡಿರುತ್ತಾರೆ. ಒಂದೇ ಥ್ರೆಶೋಲ್ಡ್ (ತಗ್ಗಿಸುವುದು ಶುರುವಾಗುವ ಮಟ್ಟ) ಇಟ್ಟರೆ ಒಂದು ದನಿ ನಜ್ಜುಗುಜ್ಜಾಗುತ್ತದೆ, ಇನ್ನೊಂದನ್ನು ಅದು ಮುಟ್ಟುವುದೇ ಇಲ್ಲ. ಗೇನ್ ರಿಡಕ್ಷನ್ (ತಗ್ಗಿಸುವ ಪ್ರಮಾಣ) 3–4 ಡೆಸಿಬೆಲ್ ಬರುವಂತೆ ಪ್ರತಿಯೊಬ್ಬರಿಗೂ ಬೇರೆಯಾಗಿ ಹೊಂದಿಸಿ.

ಪ್ರಶ್ನೆ: ಗಾಯಕಿ ಮನೆಯಿಂದ ಕಳಿಸಿದ ಫೈಲ್ ಶ್ರುತಿಯಲ್ಲಿ ಏರಿದೆ, ನಾಲ್ಕು ನಿಮಿಷದ ಹಾಡು 3 ನಿಮಿಷ 40 ಸೆಕೆಂಡಿಗೇ ಮುಗಿಯುತ್ತದೆ. ಮತ್ತೆ ಹಾಡಿಸಬೇಕೇ?

ಉತ್ತರ: ಬೇಡ. ಅದು 44.1 ಕಿಲೋಹರ್ಟ್ಸ್ ಸ್ಯಾಂಪಲ್ ರೇಟಿನ (ಸೆಕೆಂಡಿಗೆ ಎಷ್ಟು ಸಲ ದನಿಯನ್ನು ಅಳೆದು ದಾಖಲಿಸಿದೆ ಎಂಬ ಲೆಕ್ಕ) ಫೈಲ್. ನಿಮ್ಮ ಪ್ರಾಜೆಕ್ಟ್ 48ರಲ್ಲಿದೆ. ಪರಿವರ್ತನೆಯಿಲ್ಲದೆ ಓಡಿದಾಗ ವೇಗ ಸುಮಾರು ಶೇ. 8.8 ಹೆಚ್ಚುತ್ತದೆ, ಶ್ರುತಿ ಸುಮಾರು ಒಂದೂವರೆ ಸೆಮಿಟೋನ್ (ಅರ್ಧಸ್ವರ) ಏರುತ್ತದೆ. ಇಂಪೋರ್ಟ್ ಮಾಡುವಾಗ ಸ್ಯಾಂಪಲ್ ರೇಟ್ ಪರಿವರ್ತಿಸಿದರೆ ಸಾಕು.

ಉಳಿದವರಿಗೆ ಮೊದಲೇ ಹೇಳಿಬಿಡಿ: 48 ಕಿಲೋಹರ್ಟ್ಸ್, 24 ಬಿಟ್, ವೇವ್ ಫೈಲ್, ಹಾಡಿನ ಮೊದಲ ಬಾರ್‌ನಿಂದಲೇ ಶುರು, ಎಫೆಕ್ಟ್ ಯಾವುದೂ ಬೇಡ, ಪೀಕ್ ಮೈನಸ್ 10ರಿಂದ ಮೈನಸ್ 6 ಡೆಸಿಬೆಲ್ ನಡುವೆ. ಗಾಯಕರು ಕೇಳುತ್ತ ಹಾಡಲೆಂದು ನೀವು ಕಳಿಸುವ ಗೈಡ್ ಟ್ರ್ಯಾಕ್ ಎಂಪಿ3 ಆಗಿದ್ದರೆ ಫೈಲಿನ ಆರಂಭಕ್ಕೆ ಕೆಲವು ಹತ್ತು ಮಿಲಿಸೆಕೆಂಡುಗಳ ಮೌನ ಸೇರಿಕೊಳ್ಳಬಹುದು. ಆಗ ಗಾಯಕರದ್ದು ತಪ್ಪಿಲ್ಲದಿದ್ದರೂ ಹಾಡು ಹಿಂದೆಬಿದ್ದಂತೆ ಕೇಳುತ್ತದೆ. ಅದನ್ನೂ ವೇವ್‌ನಲ್ಲೇ ಕಳಿಸಿ. ಮನೆಯಲ್ಲಿ ಹಾಡುವವರು ದಪ್ಪ ಹೊದಿಕೆಯನ್ನು ಮೈಕಿನ ಹಿಂದೆ ಕಟ್ಟುತ್ತಾರೆ; ಆದರೆ ಮುಂದಿನ ದನಿಯನ್ನೇ ಹೆಚ್ಚು ಹಿಡಿಯುವ ಕಾರ್ಡಿಯಾಯ್ಡ್ ಮೈಕಿಗೆ ಅದು ಹಾಡುವವರ ಬೆನ್ನ ಹಿಂದೆ ಇರಬೇಕು, ಏಕೆಂದರೆ ಬೆನ್ನ ಹಿಂದಿನ ಗೋಡೆಯ ಪ್ರತಿಧ್ವನಿಯೇ ನೇರವಾಗಿ ಮೈಕಿನ ಬಾಯಿಗೆ ಬೀಳುತ್ತದೆ.

ಪ್ರಶ್ನೆ: ಅತಿಥಿಗೆ ಮೇಲಿನ ಸ್ವರ ಸಿಗಲಿಲ್ಲವೆಂದು ಇಡೀ ಹಾಡನ್ನು ಮೂರು ಸೆಮಿಟೋನ್ ಇಳಿಸಿದೆವು. ಬೇಸ್ ಮಾಯ, ಡ್ರಮ್ ಎಡವಟ್ಟು!

ಉತ್ತರ: ಇಳಿಸಿದ್ದು ಸರಿ; ಹಾಡು ಕಂಠಕ್ಕೆ ಹೊಂದಬೇಕು. ಆದರೆ ಮಿಡಿ (ದನಿಯ ಬದಲು ನೋಟುಗಳ ಸೂಚನೆ ಇರುವ) ಡ್ರಮ್ ಟ್ರ್ಯಾಕನ್ನು ಟ್ರಾನ್ಸ್‌ಪೋಸ್ ಮಾಡಬಾರದು, ಅಂದರೆ ಏರಿಸಿ ಇಳಿಸಬಾರದು. ಅಲ್ಲಿ ಒಂದೊಂದು ನೋಟಿಗೆ ಒಂದೊಂದು ವಾದ್ಯ, ಹಾಗಾಗಿ ಕಿಕ್ ಇದ್ದಲ್ಲಿ ಇನ್ನೇನೋ ಬಾರಿಸಿರುತ್ತದೆ. ಬೇಸ್‌ನ 41 ಹರ್ಟ್ಸ್ ಸ್ವರ ಈಗ 35ಕ್ಕೆ ಇಳಿದಿದೆ, ಸಣ್ಣ ಸ್ಪೀಕರುಗಳಲ್ಲಿ ಅದು ಕೇಳುವುದಿಲ್ಲ. ತೀರಾ ತಗ್ಗಿನ ಸ್ವರಗಳನ್ನಷ್ಟೇ ಒಂದು ಸ್ಥಾಯಿ ಏರಿಸಿ. ಅಥವಾ ದನಿಯನ್ನು ತುಸು ಒರಟಾಗಿಸುವ ಸ್ಯಾಚುರೇಶನ್ ಹಾಕಿ. ಆಗ 70, 105 ಹರ್ಟ್ಸ್‌ಗಳಲ್ಲಿ ಹಾರ್ಮೋನಿಕ್ (ಮೂಲಸ್ವರದ ಎರಡು, ಮೂರು ಪಟ್ಟಿನ ಸ್ವರ) ಹುಟ್ಟಿ, ಕಿವಿಯೇ ಮೂಲಸ್ವರವನ್ನು ಊಹಿಸಿಕೊಳ್ಳುತ್ತದೆ.

ಪ್ರಶ್ನೆ: ಅತಿಥಿಯ ಹೆಸರನ್ನು ಹಾಡಿನ ಶೀರ್ಷಿಕೆಯಲ್ಲೇ ಸೇರಿಸಬೇಕೇ?

ಉತ್ತರ: ಬೇಡ. ಹಾಡನ್ನು ಸ್ಟ್ರೀಮಿಂಗ್ ತಾಣಗಳಿಗೆ ತಲುಪಿಸುವ ವಿತರಕರ ಫಾರ್ಮಿನಲ್ಲಿ ‘ಫೀಚರ್ಡ್ ಆರ್ಟಿಸ್ಟ್’ ಎಂಬ ಬೇರೆ ಕಾಲಂ ಇರುತ್ತದೆ, ಅಲ್ಲಿ ತುಂಬಿ. ಶೀರ್ಷಿಕೆಯಲ್ಲೂ ಬರೆದರೆ ಹೆಸರು ಎರಡು ಸಲ ಕಾಣಿಸಬಹುದು. ವಾದ್ಯ ಮಾತ್ರದ ಆವೃತ್ತಿ ಬಿಡುವುದಾದರೆ ಅದಕ್ಕೆ ಪ್ರತ್ಯೇಕ ಐಎಸ್‌ಆರ್‌ಸಿ (ಪ್ರತಿ ಧ್ವನಿಮುದ್ರಣದ ಗುರುತಿನ ಸಂಕೇತ) ಬೇಕು. ಗಾಯಕರೇ ಸಾಹಿತ್ಯ, ಟ್ಯೂನ್ ಕಟ್ಟಿದ್ದರೆ ರಚನೆಯಲ್ಲೂ ಅವರಿಗೆ ಪಾಲಿದೆ. ಶೇಕಡಾವಾರನ್ನು ಬಿಡುಗಡೆಗೆ ಮೊದಲೇ ಬರೆದು ಸಹಿ ಹಾಕಿಸಿ.