ಅಸೆಸ್‌ಮೆಂಟ್ ನಿಮ್ಮ ಹೆಸರಿನಲ್ಲೂ ಆಗಲಿ

ಬೆನ್ನುಹುರಿಗೆ ಪೆಟ್ಟು ಬಿದ್ದು ಸೊಂಟದಿಂದ ಕೆಳಗೆ ಸ್ವಾಧೀನ ತಪ್ಪಿರುವ ಪತಿಯೊಂದಿಗೆ, ನಿಮ್ಮ ಕೆಲಸದ ವೀಸಾದ ಮೇಲೆ ಈಚೆಗಷ್ಟೇ ಇಂಗ್ಲೆಂಡಿಗೆ ಬಂದಿರುವ ನೀವು, ಅತ್ತೆಯವರಾಗಲಿ ಮನೆಗೆಲಸದವರಾಗಲಿ ಜೊತೆಗಿಲ್ಲದ ಇಲ್ಲಿ ನಿಮ್ಮ ಆರೋಗ್ಯವನ್ನು ಹೇಗೆ ಕಾಪಾಡಿಕೊಳ್ಳುವುದೆಂದು ಕೇಳಿದ್ದೀರಿ. ನಮ್ಮ ಯಜಮಾನರಿಗೆ ಪಾರ್ಶ್ವವಾಯು ಆದದ್ದು ನಾವು ಇಲ್ಲಿ ನೆಲೆಸಿದ ಮೇಲೆ. ಹಾಗಾಗಿ ವೀಸಾದ ಇಕ್ಕಟ್ಟೊಂದನ್ನು ಬಿಟ್ಟರೆ ನಿಮ್ಮ ಉಳಿದ ಪಾಡು ನನಗೆ ಗೊತ್ತು.

2014ರ ಕೇರ್ ಆ್ಯಕ್ಟ್ ಪ್ರಕಾರ, ಆರೈಕೆ ಮಾಡುವವರು ತಮಗೆ ಏನು ಬೇಕೆಂಬುದರ ಬಗ್ಗೆಯೇ ಸ್ಥಳೀಯ ಕೌನ್ಸಿಲ್‌ನಿಂದ ಕೇರರ್ಸ್ ಅಸೆಸ್‌ಮೆಂಟ್, ಅಂದರೆ ಅಗತ್ಯಗಳ ಪರಿಶೀಲನೆ, ಕೇಳಿ ಪಡೆಯಬಹುದು. ಪತಿ ತಮಗೆ ಯಾರ ನೆರವೂ ಬೇಡವೆಂದರೂ ನಿಮ್ಮ ಈ ಹಕ್ಕು ಹೋಗುವುದಿಲ್ಲ. ಈ ಆರೈಕೆಯನ್ನು ಮುಂದುವರಿಸಲು ನಿಮ್ಮಿಂದ ಆಗುತ್ತದೆಯೇ, ನಿಮಗೆ ಮನಸ್ಸಿದೆಯೇ ಎಂದು ಅಲ್ಲಿ ವಿಚಾರಿಸುತ್ತಾರೆ. ಎರಡನೆಯ ಪ್ರಶ್ನೆಯೇ ಅಪಚಾರವೆನಿಸಿ, ‘ಗಂಡ ಅಂದ ಮೇಲೆ ನಾನಲ್ಲದೆ ಇನ್ಯಾರು ನೋಡಿಕೊಳ್ಳುತ್ತಾರೆ’ ಎಂದು ನಮ್ಮ ಕಡೆಯ ಹೆಂಗಸರು ಹೇಳಿಬಿಡುತ್ತಾರೆ. ಅಷ್ಟು ಕೇಳಿದ ಮೇಲೆ ಎದುರಿನವರು ಸಹಾಯದ ಅಗತ್ಯವಿಲ್ಲವೆಂದು ಬರೆದುಕೊಂಡರೆ ಅವರನ್ನು ದೂರುವಂತಿಲ್ಲ. ಅದಕ್ಕೆ ಬದಲಾಗಿ ರಾತ್ರಿ ಯಾವ್ಯಾವ ಹೊತ್ತಿಗೆ ಎದ್ದು ಅವರ ಮಗ್ಗುಲು ಬದಲಿಸಿದಿರಿ, ಯೂರಿನ್ ಬ್ಯಾಗ್ ಖಾಲಿ ಮಾಡಿದಿರಿ, ನಿಮ್ಮ ಊಟ ಎಷ್ಟು ಹೊತ್ತಿಗಾಯಿತು ಎಂಬುದನ್ನೆಲ್ಲ ಒಂದು ವಾರ ಬರೆದಿಟ್ಟು ಅದನ್ನೇ ಓದಿ ಹೇಳಿ. ಪತಿಯ ಎದುರು ಈ ಮಾತುಗಳು ಬಾಯಿಗೆ ಬರುವುದಿಲ್ಲವಾದ್ದರಿಂದ ಪ್ರತ್ಯೇಕವಾಗಿ ಮಾತನಾಡಬೇಕೆಂದು ಮೊದಲೇ ತಿಳಿಸಿ.

ಆರೈಕೆ ಮಾಡುವವರಿಗೆ ಸರ್ಕಾರ ಕೊಡುವ ಭತ್ಯೆಯಾದ ಕೇರರ್ಸ್ ಅಲವೆನ್ಸ್‌ಗೆ ಮಾತ್ರ ಅರ್ಜಿ ಹಾಕಬೇಡಿ. ನಿಮ್ಮಂಥ ವೀಸಾದವರಿಗೆ ನಿಷಿದ್ಧವಾದ ಸಾರ್ವಜನಿಕ ನಿಧಿಗಳ ಪಟ್ಟಿಯಲ್ಲಿ ಅದಿದೆ. ಸ್ನಾನ ಮಾಡಿಸುವಂಥ ದಿನನಿತ್ಯದ ನೆರವು ಕೊಡುವ ಕೌನ್ಸಿಲ್‌ನ ಸಾಮಾಜಿಕ ಆರೈಕೆ ಆ ಪಟ್ಟಿಯಲ್ಲಿಲ್ಲ. ಇವೆರಡನ್ನೂ ಒಂದೇ ಎಂದುಕೊಂಡು ಹೆದರಿ ಸುಮ್ಮನಿರುವವರನ್ನು ನಾನು ಕಂಡಿದ್ದೇನೆ. ಏಪ್ರಿಲ್ 2024ರಿಂದ ನೌಕರರಿಗೆ ವರ್ಷಕ್ಕೆ ಒಂದು ವಾರದ ಆರೈಕೆ ರಜೆ ಕೆಲಸಕ್ಕೆ ಸೇರಿದ ದಿನದಿಂದಲೇ ಸಿಗುತ್ತದೆ, ಆದರೆ ಸಂಬಳವಿಲ್ಲ.

ಇನ್ನು ನಿಮ್ಮ ಬೆನ್ನು. ಕಂಕುಳಿಗೆ ಕೈ ಕೊಟ್ಟು ಅವರನ್ನು ಎತ್ತುವುದನ್ನು ಇಂದೇ ನಿಲ್ಲಿಸಿ. ಅದರಿಂದ ಅವರ ಭುಜಕ್ಕೂ ಪೆಟ್ಟು, ನಿಮ್ಮ ಸೊಂಟಕ್ಕೂ ಪೆಟ್ಟು. ಜಿಪಿ (ನಿಮ್ಮ ಕುಟುಂಬ ವೈದ್ಯರು) ಬಳಿ ನಿಮ್ಮನ್ನು ಕೇರರ್, ಅಂದರೆ ಆರೈಕೆ ಮಾಡುವವರು, ಎಂದು ನೋಂದಾಯಿಸಿ, ದಿನನಿತ್ಯದ ಕೆಲಸಗಳನ್ನು ಸುರಕ್ಷಿತವಾಗಿ ಮಾಡುವ ಬಗೆ ಕಲಿಸುವ ಆಕ್ಯುಪೇಷನಲ್ ಥೆರಪಿಸ್ಟ್ ಮನೆಗೆ ಬರುವಂತೆ ಕೇಳಿಕೊಳ್ಳಿ. ಮೈಕೆಳಗೆ ಹಾಸುವ ಜಾರುವ ನೈಲಾನ್ ಸ್ಲೈಡ್ ಶೀಟನ್ನು ಬಳಸುವುದನ್ನು, ಮಂಡಿ ತುಸು ಬಗ್ಗಿಸಿ ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ವರ್ಗಾಯಿಸುತ್ತ ಸರಿಸುವುದನ್ನು ಅವರು ನಿಮ್ಮ ಕೈಯಲ್ಲೇ ಮಾಡಿಸಿ ಕಲಿಸುತ್ತಾರೆ. ರೋಗಿಯನ್ನು ಎತ್ತುವ ಯಂತ್ರವಾದ ಹಾಯ್ಸ್ಟ್ ಬೇಕೆಂದು ಅವರು ಹೇಳಿದರೆ ಸಂಕೋಚಪಡದೆ ಒಪ್ಪಿಕೊಳ್ಳಿ. ಕೋಣೆ ಆಸ್ಪತ್ರೆಯಂತೆ ಕಂಡರೆ ಕಾಣಲಿ.

ಹೊರಗಿನವರು ಬಂದು ಸ್ನಾನ ಮಾಡಿಸುವುದಕ್ಕೆ ನಮ್ಮ ಯಜಮಾನರು ಬಹಳ ದಿನ ಒಪ್ಪಲಿಲ್ಲ. ಗಂಡಸರೇ ಬರಲಿ ಎಂದು ಕೇಳುವುದು ತಪ್ಪಲ್ಲ, ಒಮ್ಮೊಮ್ಮೆ ಕಾಯಬೇಕಾಗುತ್ತದೆ ಅಷ್ಟೆ. ಅವರು ಬಂದ ಹೊತ್ತಿನಲ್ಲಿ ಅಡುಗೆಮನೆ ಒರೆಸಲು ಹೊರಡದೆ, ಬಾಗಿಲು ಹಾಕಿಕೊಂಡು ಮಲಗಿ.